ನೆಂಟನಾಗಿ ಬಂದ ಅಲಸಂದೆ

ವಿಶ್ವವಿದ್ಯಾಲಯದ ಗೇಟಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಸಣ್ಣ ರೈತರ ಸೇವೆಯೇ ನಮ್ಮ ಧ್ಯೇಯ' ಎಂದು ಬರೆಸಿದ್ದಾರೆ. ಗೇಟು ದಾಟಿದರೆ ಎದುರಿಗೇ ಸಂಶೋಧನೆಯ ಹೊಲ. ಬಿಲ್ಲಿನಂತೆ ಬಾಗಿ ನೀರು ಚಿಮ್ಮುವ ಕೊಳವೆಗಳು, ಜರಡಿ ಹಿಡಿದಂಥ ಮಣ್ಣು, ಒಂದು ಕಳೆ ಇಣುಕಿದರೂ ಕಿತ್ತೆಸೆಯಲು ದಿನಗೂಲಿಯ ಹೆಂಗಸರು. ಅಲ್ಲಿ ಛತ್ರಿಯ ಕಡ್ಡಿ ನೆಟ್ಟರೂ ಚಿಗುರುತ್ತದೆ. ಇಂಥ ಭೂಮಿ ಕೈಯಲ್ಲಿದ್ದವನು ಸಣ್ಣ ರೈತನಾಗಿ ಯಾಕೆ ಉಳಿಯುತ್ತಿದ್ದ ಎಂದು ಆ ಬೋರ್ಡು ಬರೆಸಿದವರು ಯಾರೂ ಕೇಳಿಕೊಂಡ ಹಾಗಿಲ್ಲ.

ಕೇಳಿಕೊಂಡವಳು ಒಬ್ಬಳಿದ್ದಳು. ತಳಿ ವಿಭಾಗದಲ್ಲಿ ಅಲಸಂದೆ ಕಾಳಿನ ಮೇಲೆ ಕೆಲಸ ಮಾಡುತ್ತಿದ್ದ ಪ್ರೊಫೆಸರ್. ಹೆಸರು, ದುಡ್ಡು ಎರಡೂ ತರುವ ಹತ್ತಿಗೂ ಹೂವಿಗೂ ಸಹೋದ್ಯೋಗಿಗಳು ಮುಗಿಬಿದ್ದಾಗ ಈಕೆ ಬಡವರ ಕಾಳನ್ನು ಹಿಡಿದಳು, ಹಿಡಿದದ್ದನ್ನು ಬಿಡಲಿಲ್ಲ. ಹಾಗಾಗಿ ಎದುರಿಗೆ 'ಮೇಡಂ', ಬೆನ್ನ ಹಿಂದೆ 'ಅಲಸಂದೆ ಮೇಡಂ'. ಅಡ್ಡಹೆಸರು ಒಂದು ದಿನ ಆಕೆಯ ಕಿವಿಗೂ ಬಿತ್ತು. "ಸದ್ಯ, ಪುಸ್ತಕದ ಬದನೆಕಾಯಿ ಅನ್ನಲಿಲ್ಲವಲ್ಲ" ಎಂದು ನಕ್ಕು ಸುಮ್ಮನಾದಳು.

ಗಂಡ ಪೇಟೆಯ ಮುಖ್ಯರಸ್ತೆಯಲ್ಲಿ ಟೈಲರ್. ಪ್ರೊಫೆಸರ್ ಹೆಂಡತಿಗೆ ಟೈಲರ್ ಗಂಡನೇ ಎಂದು ಹುಬ್ಬೇರಿಸಿದವರು ಉಂಟು. ಹೊಲಕ್ಕೆ ಹೋಗುವಾಗ ಹಾಕಿಕೊಳ್ಳಲೆಂದು ಅವನು ಆಕೆಗೆ ಒಳಗೂ ಹೊರಗೂ ಜೇಬುಗಳೇ ತುಂಬಿದ ಒಂದು ಕೋಟು ಹೊಲಿದುಕೊಟ್ಟಿದ್ದ. ಒಂದೊಂದು ಜೇಬಿಗೂ ಒಂದೊಂದು ಬೀಜದ ಪೊಟ್ಟಣ. ಒಮ್ಮೆ ಮರೆತು ಕೋಟನ್ನು ಒಗೆಯಲು ಹಾಕಿದಾಗ, ಒದ್ದೆಯಾಗಿ ಬಿದ್ದಿದ್ದ ಕೋಟಿನ ಜೇಬಿನಿಂದ ಮೊಳಕೆ ಹೊರಗೆ ಬಂದಿತ್ತು. "ನಮ್ಮ ಮನೇಲಿ ಬಟ್ಟೇನೂ ಬೆಳೆಯುತ್ತೆ" ಎಂದು ಅವನು ಅದನ್ನು ಅಂಗಡಿಯ ಮೊಳೆಗೆ ನೇತುಹಾಕಿ ಗಿರಾಕಿಗಳಿಗೆಲ್ಲ ತೋರಿಸಿದ್ದ.

ಆಕೆಯ ಅಮ್ಮ ಧಾನ್ಯದ ಗೋದಾಮಿನಲ್ಲಿ ಕಾಳು ಆರಿಸುತ್ತಿದ್ದವಳು. ಮೊರದ ಮುಂದೆ ಕೂತು ಹುಳುಕು, ಮುರುಕು, ಕಲ್ಲು ಬೇರೆ ಮಾಡುವ ಕೆಲಸ. ಸಂಜೆ ಮುರುಕು ಕಾಳನ್ನು ಬಟ್ಟೆಯಲ್ಲಿ ಕಟ್ಟಿ ತಂದರೆ ಅದೇ ಮನೆಯ ಊಟ. ಮಗಳು ಓದಿದ್ದು ಆ ಮುರುಕು ಕಾಳು ತಿಂದೇ. ಡಿಗ್ರಿ ಬಂದ ದಿನ ಅಮ್ಮ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಮುರಿಯದೇ ಇರೋ ಕಾಳು ಮಾಡು."

ಮುರಿಯದ ಕಾಳು ಎಂದು ಆಕೆ ನಂಬಿದ್ದ ತಳಿಯೊಂದು ಇತ್ತು. ಹನ್ನೆರಡು ವರ್ಷ ಗಿಡಕ್ಕೆ ಗಿಡ ಕೂಡಿಸಿ, ಆರಿಸಿ, ಎಸೆದು, ಮತ್ತೆ ಆರಿಸಿ ಬೆಳೆಸಿದ್ದು. ಹಳ್ಳಿಯವರ ಅಲಸಂದೆ ನೆಲದ ಮೇಲೆ ಹಬ್ಬುವ ಬಳ್ಳಿ. ಇದೋ ಸೊಂಟದ ಮೇಲೆ ಕೈಯಿಟ್ಟು ನಿಂತವರ ಹಾಗೆ ನೆಟ್ಟಗೆ ನಿಂತು, ಎಲೆಗಳ ಮೇಲಕ್ಕೆ ಕಾಯಿ ಎತ್ತಿ ತೋರಿಸುತ್ತಿತ್ತು. ಕಾಗದದಲ್ಲಿ ಅದಕ್ಕೊಂದು ನಂಬರು. ಆಕೆಯ ಬಾಯಲ್ಲಿ ಅದು 'ದೊರೆ'. ಅದರ ಜೊತೆಯಲ್ಲೇ ಹುಟ್ಟಿದ ಇನ್ನೊಂದು ಇತ್ತು. ಅದು ಅರ್ಧ ಎದ್ದು ಅರ್ಧ ಮಲಗಿ ಬೆಳೆಯುವ ಜಾತಿ. ಅದಕ್ಕೆ ಆಕೆ 'ಸೋಮಾರಿ' ಎಂದು ಹೆಸರಿಟ್ಟು, ಡಬ್ಬಿಗೆ ಹಾಕಿ, ಕಪಾಟಿನ ಕೆಳಗಿನ ಅರೆಗೆ ತಳ್ಳಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆತ್ತವರು ಎಲ್ಲ ಮಕ್ಕಳನ್ನೂ ಒಂದೇ ಥರ ಮುದ್ದಿಸುವುದಿಲ್ಲ ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ದೊರೆಯನ್ನು ಆಕೆ ವಿಶ್ವವಿದ್ಯಾಲಯದ ಮುದ್ದಿನ ನೆಲದಲ್ಲಿ ಮಾತ್ರ ಪರೀಕ್ಷಿಸಲಿಲ್ಲ. ಹಟ ಮಾಡಿ ಕಲ್ಲುಗುಡ್ಡದ ಊರುಗಳಿಗೆ ಹೋದಳು. ಅಂಗೈಯಗಲ ಭೂಮಿ, ಬಿದ್ದರೆ ಮಳೆ, ಇಲ್ಲದಿದ್ದರೆ ಆಕಾಶ ನೋಡುವ ಮನೆಗಳು. ಒಂದೊಂದು ಮನೆಗೂ ಒಂದು ಚೀಲ ದೊರೆ ಕೊಟ್ಟು, "ನಿಮ್ಮ ಅಲಸಂದೆ ಪಕ್ಕದಲ್ಲೇ ಬಿತ್ತಿ. ಎರಡನ್ನೂ ತೂಗಿ ನೋಡೋಣ" ಎಂದಳು. ಆಯ್ತು ಮೇಡಂ ಎಂದರು ಎಲ್ಲರೂ.

ಇಲ್ಲಿಯೇ ವಿಶ್ವವಿದ್ಯಾಲಯದ ಜಿಪುಣತನವನ್ನೂ ಹೇಳಬೇಕು. ಅತಿಥಿ ಗೃಹದ ಪರದೆ ಬದಲಿಸಲು ದುಡ್ಡಿತ್ತು. ಗುಡ್ಡದ ಊರುಗಳಿಗೆ ಹೋಗುವ ವ್ಯಾನಿಗೆ ಮಾತ್ರ ಹಂಗಾಮಿಗೆ ಎರಡೇ ಸಲದ ಡೀಸೆಲ್. ಒಂದು ಸಲ ಮಳೆಗೆ ಮುಂಚೆ ಬೀಜ ಹಂಚಲು, ಇನ್ನೊಂದು ಸಲ ಕಾಳು ತೂಗಲು. ನಡುವೆ ಗಿಡ ಹೇಗೆ ಬದುಕಿತು ಎಂದು ನೋಡಲು ಯಾರೂ ಹೋಗುತ್ತಿರಲಿಲ್ಲ. ತೂಗುವ ದಿನ ಅಂಗಳಕ್ಕೆ ಎರಡು ಮೂಟೆ ಬರುತ್ತಿದ್ದವು. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ನೆರಳಿಗೆ ಹಾಕಿ ಮೇಡಂ ಅವರನ್ನು ಕೂರಿಸುತ್ತಿದ್ದರು. ಆ ಕುರ್ಚಿಯಿಂದ ತಕ್ಕಡಿ ಕಾಣುತ್ತಿತ್ತು, ಹೊಲ ಕಾಣುತ್ತಿರಲಿಲ್ಲ.

ತಕ್ಕಡಿ ಹೇಳಿದ್ದು ಆಕೆಯ ಮನಸ್ಸಿನ ಮಾತನ್ನೇ. ಮೊದಲ ವರ್ಷ ದೊರೆಯ ಇಳುವರಿ ಊರ ಅಲಸಂದೆಗಿಂತ ದುಪ್ಪಟ್ಟು. ಎರಡನೆಯ ವರ್ಷವೂ ದುಪ್ಪಟ್ಟು. ವಿಭಾಗದ ಮುಖ್ಯಸ್ಥರು ಕೈ ಕುಲುಕಿದರು. ಹೊಸ ತಳಿಗಳನ್ನು ಒಪ್ಪಿ ಬಿಡುಗಡೆ ಮಾಡುವ ಸಮಿತಿ ಆ ಸಲ ಕೂರುವುದಿತ್ತು. ಮುಂದಿನ ಸಲ ಕೂರುವ ಹೊತ್ತಿಗೆ ಆಕೆ ನಿವೃತ್ತಳಾಗಿರುತ್ತಾಳೆ. ನಿವೃತ್ತರ ಹೆಸರಲ್ಲಿ ತಳಿ ಬಿಡುಗಡೆಯಾಗುವುದಿಲ್ಲ, ಮಂಡಿಸಿದವರ ಹೆಸರಲ್ಲಿ ಆಗುತ್ತದೆ. ಅಂದರೆ ಈಗ ಆದರೆ ಆಯಿತು, ಇಲ್ಲದಿದ್ದರೆ ಹನ್ನೆರಡು ವರ್ಷದ ಕೂಸಿಗೆ ಬೇರೆ ಯಾರೋ ತಂದೆ.

ಸಮಿತಿಗೆ ಗುಡ್ಡದ ಹೊಲದಲ್ಲಿ ಹೂ ಬಿಟ್ಟು ನಿಂತ ದೊರೆಯ ಒಂದು ಫೋಟೋ ಬೇಕಿತ್ತು. ಮೂರನೆಯ ವರ್ಷದ ಬೆಳೆ ಆಗ ಹೂವಿಗೆ ಬಂದಿತ್ತು. ವ್ಯಾನು ಕೊಡಲಿಲ್ಲ. ಆಕೆ ಯಾರಿಗೂ ಹೇಳದೆ ಬಸ್ಸು ಹತ್ತಿದಳು.

ಊರಿಗೆಲ್ಲ 'ದೊಡ್ಡಮ್ಮ' ಎನಿಸಿಕೊಂಡ ಒಬ್ಬ ಮುದುಕಿಯ ಮನೆ ರಸ್ತೆಗೆ ಹತ್ತಿರ. ಅಂಗಳದಲ್ಲಿ ಯಾರೂ ಇರಲಿಲ್ಲ. ಆಕೆ ಮನೆ ಸುತ್ತಿಕೊಂಡು ಹಿತ್ತಿಲಿಗೆ ಹೋದಳು. ಅಡುಗೆಮನೆಯ ಗೋಡೆಗೆ ಒತ್ತಿದಂತೆ, ಪಾತ್ರೆ ತೊಳೆದ ನೀರು ಹರಿದು ನಿಲ್ಲುವ ಕಪ್ಪು ಮಣ್ಣಿನಲ್ಲಿ, ದೊರೆ ಠೀವಿಯಿಂದ ನಿಂತಿದ್ದ. ಸುತ್ತ ಮುಳ್ಳಿನ ಬೇಲಿ. ದೊಡ್ಡಮ್ಮನ ಸೊಸೆ ಬಿಂದಿಗೆ ಹೊತ್ತು ಬಂದು ಒಂದೊಂದು ಗಿಡದ ಬುಡಕ್ಕೂ ಬೊಗಸೆಯಲ್ಲಿ ನೀರು ಹಾಕುತ್ತಿದ್ದಳು, ಮಗುವಿಗೆ ಕುಡಿಸುವ ಹಾಗೆ.

ಒಳಗಿನಿಂದ ದೊಡ್ಡಮ್ಮ ಬಂದಳು. "ಇದೇನು ಮೇಡಂ, ಹೇಳದೆ ಕೇಳದೆ ಬಂದುಬಿಟ್ರಿ. ಏ, ಆ ಬಿಂದಿಗೆ ಇಡೇ, ಕುರ್ಚಿ ತಗೊಂಡ್ಬಾ."

"ಕುರ್ಚಿ ಬೇಡ ದೊಡ್ಡಮ್ಮ. ಈ ಗಿಡ ಇಲ್ಲಿ ಯಾಕಿದೆ?"

"ಇನ್ನೆಲ್ಲಿ ಇರಬೇಕು? ಅಷ್ಟು ದೂರದಿಂದ ಕಳಿಸಿದೀರ. ನಿಮ್ಮ ಬೀಜ ಅಲ್ವಾ. ಆ ಕಲ್ಲಲ್ಲಿ ಬಿಸಾಕೋಕಾಗತ್ತಾ? ನಾಳೆ ನೀವು ಬಂದು ಕೇಳಿದ್ರೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ನಿಮ್ಮ ಅಲಸಂದೆ ಎಲ್ಲಿ?"

ದೊಡ್ಡಮ್ಮ ಗುಡ್ಡದ ತುದಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಅದು ಮನೇದು. ಅದಕ್ಕೇನು, ಹೇಗೋ ಬದುಕ್ಕೊಳ್ಳುತ್ತೆ."

ಸೊಸೆ ಬಿಂದಿಗೆಯನ್ನು ಸೊಂಟದಿಂದ ಇಳಿಸಿದಳು. "ನಿಮ್ಮ ಗಿಡ ಕುಡಿಯೋ ನೀರಲ್ಲಿ ನಾನು ವಾರಕ್ಕೆ ಇನ್ನೊಂದ್ಸಲ ತಲೆ ತೊಳ್ಕೋಬಹುದಿತ್ತು ಮೇಡಂ."

"ಬಾಯಿಮುಚ್ಚೇ" ಎಂದಳು ದೊಡ್ಡಮ್ಮ.

"ಸುಳ್ಳೇನಲ್ವಲ್ಲ ಅತ್ತೆ. ನನ್ನ ತವರಿಂದ ಬಂದೋರಿಗೂ ಇಷ್ಟು ಉಪಚಾರ ಆಗಿಲ್ಲ."

ಆಕೆ ಫೋಟೋ ತೆಗೆಯಲಿಲ್ಲ. ಊರಿನ ಉಳಿದ ಮನೆಗಳಿಗೂ ಹೋದಳು. ಒಬ್ಬರು ದೊರೆಯನ್ನು ಗೊಬ್ಬರದ ಗುಂಡಿಯ ಪಕ್ಕ ಬಿತ್ತಿದ್ದರು. ಇನ್ನೊಬ್ಬರು ಹಳೆಯ ದನದ ಕೊಟ್ಟಿಗೆ ಕೆಡವಿದ ಜಾಗದಲ್ಲಿ, ಅದೂ ತಮ್ಮ ಸೊಪ್ಪಿನ ಮಡಿ ಕಿತ್ತುಹಾಕಿ. ಎಲ್ಲರೂ ಹೆಮ್ಮೆಯಿಂದ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಯಾರೂ ಮೋಸ ಮಾಡಿರಲಿಲ್ಲ. ಮನೆಗೆ ಬಂದವನಿಗೆ ಇದ್ದದ್ದರಲ್ಲಿ ಒಳ್ಳೆಯದನ್ನು ಕೊಟ್ಟಿದ್ದರು, ಅಷ್ಟೇ. ದೊರೆ ಗೆದ್ದದ್ದು ತನ್ನ ಕಸುವಿನಿಂದಲ್ಲ, ನೆಂಟನಾಗಿ ಬಂದದ್ದರಿಂದ.

ವಾಪಸು ಬಸ್ಸಿನಲ್ಲಿ ಆಕೆಗೆ ಅಮ್ಮನ ನೆನಪಾಯಿತು. ಮನೆಗೆ ಯಾರಾದರೂ ಬಂದರೆ ಅಮ್ಮ ಮಾಡಿದ್ದನ್ನೆಲ್ಲ ಅವರಿಗೇ ಬಡಿಸಿ, "ನಮ್ಮದು ಆಗಲೇ ಆಯ್ತು" ಎನ್ನುತ್ತಿದ್ದಳು. ಹೌದು ಹೌದು ಎಂದು ಮಗಳೂ ತಲೆಯಾಡಿಸಬೇಕಿತ್ತು. ನೆಂಟರ ಮುಂದೆ ಹಸಿವು ತೋರಿಸಬಾರದು ಎಂಬುದು ಆ ಮನೆಯ ಕಾಯಿದೆ. ಅವರು ತೃಪ್ತಿಯಿಂದ ಎದ್ದು ಹೋದ ಮೇಲೆ ತಾಯಿ ಮಗಳು ಪಾತ್ರೆಯ ತಳ ಕೆರೆಯುತ್ತಿದ್ದರು. ಆ ನೆಂಟರು ಹೊರಗೆ ಹೋಗಿ, ಆ ಮನೆಯಲ್ಲಿ ಯಾವುದಕ್ಕೂ ಕಡಿಮೆ ಇಲ್ಲ ಎಂದು ಹೇಳಿರಲೂಬಹುದು. ಈಗ ತಾನೂ ಅದನ್ನೇ ಮಾಡಿದ್ದೇನೆ, ಅದಕ್ಕೊಂದು ತಕ್ಕಡಿ ಬೇರೆ ಇಟ್ಟುಕೊಂಡು, ಎಂದುಕೊಂಡಳು. ಆ ಪಾತ್ರೆಯ ತಳ ಕೆರೆದವಳಿಗೇ ಇದು ಹೊಳೆಯದೆ ಹೋಯಿತಲ್ಲ ಎಂಬುದು ಆಕೆಯನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಸಂಜೆ ನೇರ ಗಂಡನ ಅಂಗಡಿಗೆ ಹೋಗಿ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ನಡೆದದ್ದೆಲ್ಲ ಹೇಳಿದಳು. ಅವನು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದ.

"ಅಳತೆ ಪಟ್ಟಿ ಹಿಡಿದ ತಕ್ಷಣ ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ ಕಣೇ. ಆಗ ತಗೊಂಡ ಅಳತೆಗೆ ಪ್ಯಾಂಟ್ ಹೊಲಿದ್ರೆ ಮೊದಲನೇ ಊಟಕ್ಕೇ ಗುಂಡಿ ಹಾರುತ್ತೆ."

"ಮತ್ತೆ ನೀನೇನು ಮಾಡ್ತೀಯ?"

"ಪಟ್ಟಿ ಕತ್ತಿಗೆ ಹಾಕ್ಕೊಂಡು ಮಗನ ಮದುವೆ ವಿಷಯ ಕೇಳ್ತೀನಿ. ಮಾತಾಡ್ತಾ ಉಸಿರು ಬಿಡ್ತಾರೆ. ಆವಾಗ ಅಳೀತೀನಿ."

ಆಕೆ ನಗಲಿಲ್ಲ. "ಈಗ ವಾಪಸು ತಗೊಂಡ್ರೆ ನನ್ನ ಹೆಸರು ಹೋಗುತ್ತೆ."

"ಹೋಗುತ್ತೆ" ಎಂದ ಅವನು. ಇಲ್ಲ ಎಂದು ಸಮಾಧಾನ ಹೇಳುವ ಜಾತಿಯವನಲ್ಲ. "ಅಂಗಡಿ ಬೋರ್ಡಲ್ಲಿ ನನ್ನ ಹೆಸರಿದೆ. ಊರೆಲ್ಲ ನನ್ನ ಕರೆಯೋದು ಟೈಲರ್ ಅಂತಲೇ."

ಮರುದಿನ ಆಕೆ ಮುಖ್ಯಸ್ಥರ ಕೋಣೆಗೆ ಹೋದಳು. ಗೋಡೆಯ ಮೇಲೆ ನಗುತ್ತಿರುವ ರೈತನ ದೊಡ್ಡ ಚಿತ್ರ, ಅದರ ಕೆಳಗೆ ತಣ್ಣಗಿನ ಗಾಳಿ ಬಿಡುವ ಯಂತ್ರ. ಮುಖ್ಯಸ್ಥರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ಎಲ್ಲರಿಗೂ ಒಳ್ಳೆಯದಾಗಲಿ ಎನ್ನುವವರು. ಅಂಥವರ ಕೈಯಲ್ಲೇ ಬಡವರ ಎಷ್ಟೋ ಕೆಲಸ ಸತ್ತಿದೆ.

"ರೈತರು ಚೆನ್ನಾಗಿ ನೋಡ್ಕೊಂಡ್ರು ಅಂದ್ರೆ ಅದು ನಮ್ಮ ತಪ್ಪಾ ಮೇಡಂ? ಒಳ್ಳೆ ಆರೈಕೆಗೆ ಒಳ್ಳೆ ಫಲ ಕೊಡೋದೂ ಒಂದು ಗುಣಾನೇ" ಎಂದರು ಅವರು.

"ಆ ಆರೈಕೆ ಅವರ ಹೊಟ್ಟೆಯಿಂದ ಕಿತ್ಕೊಟ್ಟಿದ್ದು ಸರ್. ನಾಳೆ ಈ ಬೀಜ ಅಂಗಡಿಗೆ ಬರುತ್ತೆ. ದುಡ್ಡು ಕೊಟ್ಟು ತಂದ ಬೀಜ ಯಾರಿಗೂ ನೆಂಟ ಅಲ್ಲ. ತಮ್ಮ ಹಳೆ ಬೀಜ ಬಿಟ್ಟು ಇದನ್ನ ಸೀದಾ ಗುಡ್ಡದ ಮೇಲೆ ಬಿತ್ತುತ್ತಾರೆ. ಅಲ್ಲಿ ಅದು ಸತ್ತರೆ ಒಲೆ ಆರೋದು ಅವರ ಮನೇಲಿ, ನಮ್ಮ ಮನೇಲಲ್ಲ."

"ಸಾಯುತ್ತೆ ಅಂತ ನಿಮಗೇನು ಗ್ಯಾರಂಟಿ?"

"ಬದುಕುತ್ತೆ ಅಂತಲೂ ಇಲ್ವಲ್ಲ. ಅದನ್ನೇ ಹೇಳ್ತಿರೋದು."

ಮುಖ್ಯಸ್ಥರು ಕನ್ನಡಕ ಒರೆಸಿದರು. "ಮುಂದಿನ ಸಮಿತಿ ಹೊತ್ತಿಗೆ ನೀವು ಇರಲ್ಲ. ಯೋಚನೆ ಮಾಡಿದೀರಾ?"

ಮಾಡಿದ್ದಳು. ರಾತ್ರಿಯಿಡೀ ಮಾಡಿದ್ದಳು. ಮಾಡಿದ್ದೇನೆ ಎಂದು ಹೇಳಿ, ದೊರೆಯನ್ನು ಸಮಿತಿಯಿಂದ ವಾಪಸು ಪಡೆದಳು. ಕಾರಿಡಾರಿನಲ್ಲಿ ಹತ್ತಿಯವರು ಹೂವಿನವರ ಕಿವಿಯಲ್ಲಿ, "ಅಲಸಂದೆ ಮೇಡಂಗೆ ಅರಳುಮರಳು" ಎಂದರು. ತಮ್ಮ ತಪ್ಪನ್ನು ತಾವೇ ಹೇಳಿಕೊಂಡವರನ್ನು ಆ ಕಟ್ಟಡದಲ್ಲಿ ಅದಕ್ಕಿಂತ ಮುಂಚೆ ಯಾರೂ ನೋಡಿರಲಿಲ್ಲ. ಪಾಪ, ಅವರಿಗೆ ಅದು ಕಾಯಿಲೆಯ ಹಾಗೆಯೇ ಕಂಡಿರಬೇಕು.

ನಿವೃತ್ತಿಗೆ ಮುಂಚೆ ಒಂದು ಬೆಳೆ ಬಾಕಿ ಇತ್ತು. ಆಕೆ ಕಪಾಟಿನ ಕೆಳಗಿನ ಅರೆಗೆ ಬಗ್ಗಿ ಸೋಮಾರಿಯ ಡಬ್ಬಿಯನ್ನೂ ಎಳೆದು ಧೂಳು ಕೊಡವಿದಳು. ಒಬ್ಬನನ್ನು ತಲೆಯ ಮೇಲೆ ಕೂರಿಸಿ ಕೆಟ್ಟದ್ದಾಗಿದೆ, ಈಗ ಇನ್ನೊಬ್ಬನೂ ಬಿಸಿಲು ಕಾಣಲಿ ಎಂದುಕೊಂಡಳು. ಗಂಡನ ಅಂಗಡಿಯಿಂದ ದಾರ ತಂದು, ದೊರೆಯ ಚೀಲಗಳಿಗೆ ಕೆಂಪು, ಸೋಮಾರಿಯ ಚೀಲಗಳಿಗೆ ನೀಲಿ ಕಟ್ಟಿದಳು. ಮಳೆಗೆ ಮುಂಚೆ ದೊಡ್ಡಮ್ಮನ ಅಂಗಳದಲ್ಲಿ ಊರಿನವರನ್ನು ಸೇರಿಸಿದಳು. ಕುರ್ಚಿ ಬಂತು. ಆಕೆ ಕೂರಲಿಲ್ಲ. ಯಾರೂ ಕೂರದ ಆ ಕುರ್ಚಿ ಅಂಗಳದ ನಡುವೆ ಎಲ್ಲರಿಗೂ ಮುಜುಗರ ಕೊಡುತ್ತ ನಿಂತಿತು.

"ಈ ಸಲ ಕೆಂಪು ದಾರದ್ದು, ನೀಲಿ ದಾರದ್ದು, ನಿಮ್ಮದು ಮೂರನ್ನೂ ಒಂದೇ ಥರ ನೋಡ್ಕೋಬೇಕು" ಎಂದಳು.

"ಆಯ್ತು ಮೇಡಂ" ಎಂದರು ಎಲ್ಲರೂ.

ಈ 'ಆಯ್ತು ಮೇಡಂ' ಆಕೆಗೆ ಈಗ ಅರ್ಥವಾಗುತ್ತಿತ್ತು. ಅದೂ ಒಂದು ಕುರ್ಚಿಯೇ. "ಜಾಸ್ತಿ ನೀರು ಹಾಕಬಾರದು" ಎಂದಳು. ಆಯ್ತು ಮೇಡಂ. "ಗುಡ್ಡದ ಮೇಲೇ ಬಿತ್ತಬೇಕು." ಆಯ್ತು ಮೇಡಂ. ದೊಡ್ಡಮ್ಮನ ಕಣ್ಣು ಆಗಲೇ ಅಡುಗೆಮನೆಯ ಹಿಂದಿನ ಕಪ್ಪು ಮಣ್ಣಿನ ಕಡೆ ಹೋಗಿತ್ತು.

ಆಕೆಗೆ ರೇಗಿತು. "ನೋಡಿ, ನನ್ನ ಬೀಜಾನ ನೆಂಟನ ಥರ ನೋಡ್ಕೋಬೇಡಿ. ಸೊಸೆ ಥರ ನೋಡ್ಕೊಳ್ಳಿ."

ಹಿಂದೆ, ಗೋಡೆಗೆ ಒರಗಿ ನಿಂತಿದ್ದ ಸೊಸೆಯರ ಸಾಲಿನಿಂದ ಒಂದು ನಗು ಕಿಸಕ್ಕೆಂದು ತಪ್ಪಿಸಿಕೊಂಡು ಬಂತು. ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಇಡೀ ಸಾಲು ಹೊಟ್ಟೆ ಹಿಡಿದುಕೊಂಡಿತ್ತು.

ದೊಡ್ಡಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಅಂದ್ರೆ ನಾನು ಸೊಸೇನ ಉಪವಾಸ ಕೆಡವಿದೀನಿ ಅಂತಾನಾ ಮೇಡಂ?"

"ಇಲ್ಲ ದೊಡ್ಡಮ್ಮ. ಎಲ್ಲರದ್ದೂ ಆದ್ಮೇಲೆ ಉಳಿದಿದ್ದು ಕೊಡ್ತೀರ ಅಂತ ಅಷ್ಟೇ."

"ಉಳಿದ್ರೆ" ಎಂದಳು ಸೊಸೆ ಹಿಂದಿನಿಂದ. ಮತ್ತೆ ನಗು. ಅವಳು ಸಾಲಿನಿಂದ ಮುಂದೆ ಬಂದು ಚೀಲಕ್ಕೆ ಕೈ ಚಾಚಿದಳು. "ಬೀಜ ನಮ್ಮ ಕೈಗೆ ಕೊಡಿ ಮೇಡಂ. ಸೊಸೇನ ಹೇಗೆ ನೋಡ್ಕೋತಾರೆ ಅಂತ ಈ ಅತ್ತೆಯರಿಗಿಂತ ನಮಗೇ ಚೆನ್ನಾಗಿ ಗೊತ್ತು. ಕೆಂಪು, ನೀಲಿ, ಯಾವಳಿಗೂ ಒಂದು ತೊಟ್ಟು ಜಾಸ್ತಿ ಹೋಗಲ್ಲ."

"ತಗೊಳಮ್ಮ ತಗೋ" ಎಂದಳು ದೊಡ್ಡಮ್ಮ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ನೆ ಹೇಳಿಲ್ಲ ಹಿರಿಯರು." ಅಷ್ಟು ಹೇಳಿ, ಯಾರೂ ಕೂರದ ಕುರ್ಚಿಯ ಮೇಲೆ ತಾನೇ ಹೋಗಿ ಕೂತಳು.

ಆ ಹಂಗಾಮಿನಲ್ಲಿ ಆಕೆ ಬಸ್ಸಿನಲ್ಲೇ ಓಡಾಡಿದಳು, ತನ್ನ ಖರ್ಚಿನಲ್ಲಿ, ಹೇಳದೆ ಕೇಳದೆ. ಟೈಲರ್ ಹೇಳಿದ್ದನ್ನು ಮರೆತಿರಲಿಲ್ಲ. ಹೋದ ತಕ್ಷಣ ಹೊಲ ಕೇಳುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಹೆಂಗಸರ ಜೊತೆ ಮೊರ ಹಿಡಿದು ಕಾಳು ಆರಿಸುತ್ತಿದ್ದಳು. ಅಮ್ಮನಿಂದ ಬಂದ ಕೈ, ಹುಳುಕು ತಾನಾಗಿ ಬೆರಳಿಗೆ ಸಿಗುತ್ತಿತ್ತು. ಮಾತು ಗಂಡಂದಿರ ಕುಡಿತಕ್ಕೆ, ಮಕ್ಕಳ ಕೆಮ್ಮಿಗೆ, ಪಕ್ಕದ ಮನೆಯವಳ ಜಂಬಕ್ಕೆ ಬರುವ ಹೊತ್ತಿಗೆ ಊರು ಉಸಿರು ಬಿಟ್ಟಿರುತ್ತಿತ್ತು. ಆಮೇಲೆ ಯಾವಳಾದರೂ ಒಬ್ಬಳು, ಕಳೆ ಕೀಳೋಕೆ ಹೋಗ್ತಿದೀನಿ ಬರ್ತೀರಾ ಎನ್ನುತ್ತಿದ್ದಳು.

ಸೊಸೆಯರು ಮಾತು ಉಳಿಸಿಕೊಂಡಿದ್ದರು. ಕೆಂಪು, ನೀಲಿ, ಮನೆಯದು ಮೂರೂ ಗುಡ್ಡದ ಮೇಲೆ ಒಂದೇ ಕಲ್ಲು ನೆಲದಲ್ಲಿ, ಸಾಲಿಗೆ ಸಾಲು. ಬೇಲಿ ಇಲ್ಲ, ಬಿಂದಿಗೆ ಇಲ್ಲ.

ಹೂವು ಬಿಡುವ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟಿತು. ಕೆಲವು ವಾರ ಬರೀ ಬಿಸಿಲು. ಆಕೆ ಮತ್ತೆ ಗುಡ್ಡ ಹತ್ತಿ ಬಂದಾಗ ದೊರೆ ನಿಂತೇ ಇದ್ದ. ಬಾಗಿರಲಿಲ್ಲ, ಮಲಗಿರಲಿಲ್ಲ. ನಿಂತ ನಿಲುವಿನಲ್ಲೇ ಹೂವೆಲ್ಲ ಉದುರಿಸಿ, ಎಲೆ ಸುರುಟಿಸಿಕೊಂಡು ಒಣಗುತ್ತಿದ್ದ. ಪಕ್ಕದ ಸಾಲಿನಲ್ಲಿ ಸೋಮಾರಿ ತನ್ನ ಬುಡವನ್ನು ತಾನೇ ಮುಚ್ಚಿಕೊಂಡು ನೆಲಕ್ಕೆ ಅವಚಿ ಬಿದ್ದಿತ್ತು. ಆಕೆ ಅದರ ಎಲೆ ಸರಿಸಿ ಮಣ್ಣಿಗೆ ಬೆರಳು ಹಾಕಿದಳು. ತೇವ ಇತ್ತು. ದೊರೆಯ ಬುಡದ ಮಣ್ಣು ಬೂದಿಯಂತೆ ಬೆರಳ ಸಂದಿಯಿಂದ ಜಾರಿತು.

ಆಕೆ ಆ ಕೆಂಪು ಸಾಲಿನ ನಡುವೆ ಮಂಡಿಯೂರಿ ಕೂತೇಬಿಟ್ಟಳು. ಹನ್ನೆರಡು ವರ್ಷ. ಇನ್ನೊಂದೇ ಒಂದು ಮಳೆ, ಅಥವಾ ಎರಡು ಬಿಂದಿಗೆ ನೀರು, ಸಾಕಿತ್ತು ದೊರೆಗೆ.

ದೊಡ್ಡಮ್ಮನ ಸೊಸೆ ಸ್ವಲ್ಪ ದೂರದಲ್ಲಿ ಕಳೆ ಕೀಳುತ್ತಿದ್ದಳು. ಎದ್ದು ಬಂದು ಪಕ್ಕದಲ್ಲಿ ನಿಂತಳು. ಸದಾ ಚುಚ್ಚುವ ಆ ಬಾಯಿ ಅವತ್ತು ಮೆತ್ತಗಾಗಿತ್ತು.

"ಇದು ನಿಮ್ಮ ಮುದ್ದಿನದು ಅಲ್ವಾ?"

"ಹೂಂ."

"ನೀರು ತರಲಾ? ಕತ್ತಲಾದ್ಮೇಲೆ ತಂದು ಹಾಕ್ತೀನಿ. ಅತ್ತೆಗೂ ಹೇಳಲ್ಲ, ಯಾರಿಗೂ ಹೇಳಲ್ಲ."

ಹೆಸರು ಆಗಲೇ ಹೋಗಿತ್ತು. ಗಿಡವನ್ನಾದರೂ ಉಳಿಸಿಕೊಳ್ಳಬಹುದಿತ್ತು. ಕೇಳಿದ್ದು ವಿಶ್ವವಿದ್ಯಾಲಯದ ಯಾವ ಅಧಿಕಾರಿಯೂ ಅಲ್ಲ. ನೀರು ಯಾರ ತಲೆಯ ಮೇಲೆ ಬರಬೇಕೋ ಅವಳೇ ಕೇಳಿದ್ದಳು, ಮನಸಾರೆ. ಆಕೆ ಕೈಗಂಟಿದ ಮಣ್ಣು ಕೊಡವಿಕೊಂಡಳು.

"ಬೇಡ ಕಣಮ್ಮ. ಆ ನೀರಲ್ಲಿ ನೀನು ತಲೆ ತೊಳ್ಕೋ."

ಸೊಸೆ ನಕ್ಕಳು. ಆಮೇಲೆ ಇಬ್ಬರೂ ಕೂತು ಕಳೆ ಕಿತ್ತರು, ಕೆಂಪು ಸಾಲಿನಲ್ಲೂ.

ಸುಗ್ಗಿಯಲ್ಲಿ ದೊರೆಯಿಂದ ಸಿಕ್ಕಿದ್ದು ಬಿತ್ತನೆಗೆ ಕೊಟ್ಟಷ್ಟೂ ಇಲ್ಲ. ಸೋಮಾರಿ ಮಹಾ ಏನೂ ಮಾಡಲಿಲ್ಲ. ಊರ ಅಲಸಂದೆಗಿಂತ ಕೊಂಚ ಜಾಸ್ತಿ ಕೊಟ್ಟಿತು. ಆದರೆ ಅದಕ್ಕಿಂತ ಬೇಗ ಕೊಟ್ಟಿತು. ಹಳೆಯ ಕಾಳಿನ ಡಬ್ಬಿಗಳು ಬರಿದಾಗಿ, ಹೊಸದು ಇನ್ನೂ ಹಸಿಯಾಗಿರುವ ಆ ಕೆಟ್ಟ ವಾರಗಳಲ್ಲೇ ಅದರ ಕಾಯಿ ಒಣಗಿ ಮನೆಗೆ ಬಂತು. ದುಪ್ಪಟ್ಟು ಇಳುವರಿ ಎಂದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಎರಡು ವಾರ ಮುಂಚೆ ಒಲೆ ಹತ್ತಿತು ಎಂದರೆ ಯಾರೂ ಬರೆಯುವುದಿಲ್ಲ. ಒಲೆ ಹತ್ತದ ಮನೆಯವರಿಗೆ ಮಾತ್ರ ಅದು ಗೊತ್ತು.

ಆಕೆ ಬಂದ ಫಲಿತಾಂಶವನ್ನು ಇದ್ದ ಹಾಗೆಯೇ, ದೊರೆಯ ಸಾವಿನ ಸಮೇತ ಬರೆದಿಟ್ಟು ನಿವೃತ್ತಳಾದಳು. ಬೀಳ್ಕೊಡುಗೆಯ ಸಭೆಯಲ್ಲಿ ಮುಖ್ಯಸ್ಥರು ಆಕೆಯ ಸೇವೆಯನ್ನು ಹೊಗಳಿದರು. ಅಲಸಂದೆ ಎಂಬ ಪದ ಅವರ ಭಾಷಣದಲ್ಲಿ ಬರಲಿಲ್ಲ. ಮುಂದಿನ ಸಮಿತಿಯಲ್ಲಿ ಸೋಮಾರಿ ಒಂದು ನಂಬರು ಪಡೆದು ಬಿಡುಗಡೆಯಾಯಿತು, ಆಕೆಯ ಜಾಗಕ್ಕೆ ಬಂದ ಹುಡುಗನ ಹೆಸರಿನಲ್ಲಿ. ಅವನು ಮರ್ಯಾದಸ್ಥ. ಮನೆಗೆ ಬಂದು ನಾಚುತ್ತ ವಿಷಯ ತಿಳಿಸಿದ. ಕಾಯಿದೆಗೆ ನಾಚಿಕೆ ಇರುವುದಿಲ್ಲವಾದ್ದರಿಂದ ಅದರ ಪರವಾಗಿ ಅವನೇ ನಾಚಬೇಕಾಯಿತು. ಟೈಲರ್ ಅವನಿಗೆ ಚಹಾ ಕೊಟ್ಟು, ನಿಂಗೂ ಒಂದು ಕೋಟು ಹೊಲಿದುಕೊಡ್ತೀನಿ ಬಾರಪ್ಪ ಎಂದು ಅಳತೆ ಪಟ್ಟಿ ಎತ್ತಿಕೊಂಡ. ಹುಡುಗ ಹೊಟ್ಟೆ ಒಳಗೆ ಎಳೆದುಕೊಂಡು ನಿಂತ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗುಡ್ಡದ ಊರುಗಳಲ್ಲಿ ಆ ನಂಬರು ಯಾರಿಗೂ ಗೊತ್ತಿಲ್ಲ. ಅಲ್ಲಿ ಅದು 'ಸೊಸೆ ಕಾಳು'. ತವರಿಗೆ ಹೋಗುವ ಹೆಣ್ಣುಮಕ್ಕಳು ಒಂದು ಹಿಡಿ ಕಟ್ಟಿಕೊಂಡು ಹೋಗುವುದರಿಂದ ಅದು ಊರಿಂದೂರಿಗೆ ನಡೆದಿದೆ, ಯಾವ ವ್ಯಾನಿನ ಡೀಸೆಲ್ಲನ್ನೂ ಕೇಳದೆ.

ನಿವೃತ್ತಿಯ ಮಾರನೆಯ ವರ್ಷ ಆಕೆ ಮತ್ತೆ ಅದೇ ಬಸ್ಸು ಹತ್ತಿ ದೊಡ್ಡಮ್ಮನ ಮನೆಗೆ ಹೋದಳು. ಕೆಲಸವೇನೂ ಇರಲಿಲ್ಲ. ಜಗಲಿಯ ಮೇಲೆ ಆ ಕುರ್ಚಿ ಇತ್ತು. ಅದರ ಮೇಲೆ ಒಣಗಿದ ಕಾಯಿಯ ಬುಟ್ಟಿ. ಅದನ್ನು ಇಳಿಸಲು ಯಾರೂ ಏಳಲಿಲ್ಲ.

"ಬಂದ್ಯಾ?" ಎಂದಳು ದೊಡ್ಡಮ್ಮ, ಕೂತಲ್ಲಿಂದಲೇ. "ಬಾಗಿಲಲ್ಲಿ ಏನು ನೋಡ್ತಾ ನಿಂತೆ? ಆ ಮೊರ ತಗೊಂಡು ಬಾ. ಸಂಜೆ ಒಳಗೆ ಇಷ್ಟೂ ಆರಿಸಬೇಕು."

ಆಕೆ ಚಪ್ಪಲಿ ಬಿಟ್ಟು, ಮೊರ ತಂದು, ನೆಲದ ಮೇಲೆ ಕಾಲು ನೀಡಿ ಕೂತಳು. ಮಧ್ಯಾಹ್ನ ಸೊಸೆ ಪಾತ್ರೆ ತಂದು ಮುಚ್ಚಳ ತೆಗೆದು ಒಳಗೆ ನೋಡಿದಳು, ಆಮೇಲೆ ಆಕೆಯ ಮುಖ ನೋಡಿದಳು.

"ಅಕ್ಕ, ಇವತ್ತು ಕಡಿಮೆ ಇದೆ. ಮೂರು ಜನಕ್ಕೂ ಹೊಟ್ಟೆ ತುಂಬಲ್ಲ."

"ಇದ್ದಷ್ಟು ಹಾಕು" ಎಂದಳು ಆಕೆ.

ಸೊಸೆ ಮೂರು ಪಾಲು ಮಾಡಿದಳು. ತನ್ನ ತಟ್ಟೆಗೆ ಮೊದಲು ಹಾಕಿಕೊಂಡಳು.